ಅಮೆರಿಕದಲ್ಲಿ ಇಎಂಟಿ ಆಗಬೇಕಾ? ಕೋರ್ಸಿಗಿಂತ ಮೊದಲು ಆಫೀಸು ಹುಡುಕಿ

ಶನಿವಾರ ರಾತ್ರಿ ಆಂಬುಲೆನ್ಸಿನಲ್ಲಿ ಇರುತ್ತೇನೆ ಅಂದರೆ ಕನ್ನಡ ಕೂಟದಲ್ಲಿ ಮೊದಲು ಕೇಳುವುದು "ಅಯ್ಯೋ, ಏನಾಯ್ತು?" ಅಂತ. ಪೇಷೆಂಟ್ ಆಗಿ ಅಲ್ಲ, ಇಎಂಟಿ ಆಗಿ ಅಂದರೆ "ನೀವು ಡಾಕ್ಟರಾ?" ಅನ್ನುತ್ತಾರೆ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಇಎಂಟಿ ಅಂದರೆ ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್, ಆಂಬುಲೆನ್ಸಿನಲ್ಲಿ ಬಂದು ತುರ್ತು ಆರೈಕೆ ಮಾಡುವವರು. ವಾರವೆಲ್ಲಾ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಆಮೇಲೆ ಊಟದ ಸಾಲಿನಲ್ಲಿ ಯಾರಾದರೂ ಮೆಲ್ಲಗೆ ಪಕ್ಕಕ್ಕೆ ಬಂದು "ನಾವೂ ಮಾಡಬಹುದಾ?" ಅಂತ ಕೇಳುತ್ತಾರೆ. ಮಾಡಬಹುದು. ಆದರೆ ನಾನು ಮಾಡಿದ ಹಾಗೆ ಶುರು ಮಾಡಬೇಡಿ.

ನಾನು ಮಾಡಿದ್ದು ಇಷ್ಟು. ಆಗ ವರ್ಜೀನಿಯಾದಲ್ಲಿದ್ದೆವು. ಇಂಟರ್ನೆಟ್ಟಿನಲ್ಲಿ ಒಂದು ಕೋರ್ಸ್ ಕಂಡಿತು, ಕಾರ್ಡ್ ಉಜ್ಜಿದೆ, ರಾತ್ರಿ ಪಾತ್ರೆ ತೊಳೆದು ಕೂತು ಓದಿದೆ, ಚೆಂದದ ಸರ್ಟಿಫಿಕೇಟ್ ಬಂತು. ಅದನ್ನು ಹಿಡಿದು ಹತ್ತಿರದ ವಾಲಂಟಿಯರ್ ಸ್ಕ್ವಾಡಿಗೆ, ಅಂದರೆ ಸಂಬಳವಿಲ್ಲದೆ ಆಂಬುಲೆನ್ಸ್ ನಡೆಸುವ ತಂಡಕ್ಕೆ, ಹೋದೆ. ಅಲ್ಲಿನ ಟ್ರೈನಿಂಗ್ ಆಫೀಸರ್ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದಕ್ಕೆ ರಾಜ್ಯದ ಒಪ್ಪಿಗೆ ಎಲ್ಲಿದೆ?" ಅಂದರು. ಇರಲಿಲ್ಲ. ದುಡ್ಡು, ಮೂರು ತಿಂಗಳ ನಿದ್ದೆ, ಎರಡೂ ಹೋಯಿತು.

ಅಮೆರಿಕದಲ್ಲಿ ಇಎಂಟಿಗೆ ಕೆಲಸ ಮಾಡಲು ಅನುಮತಿ ಕೊಡುವುದು ರಾಜ್ಯ. ವಾಷಿಂಗ್ಟನ್‌ನ ಕೇಂದ್ರ ಸರ್ಕಾರ ಕೊಡುವುದಿಲ್ಲ, ಕಾಲೇಜೂ ಕೊಡುವುದಿಲ್ಲ. ಆದ್ದರಿಂದ ಮೊದಲ ಕೆಲಸ ನಿಮ್ಮ ರಾಜ್ಯದ ಇಎಂಎಸ್ (ತುರ್ತು ವೈದ್ಯಕೀಯ ಸೇವೆ) ಆಫೀಸಿನ ವೆಬ್‌ಸೈಟ್ ತೆಗೆದು, ಅವರು ಒಪ್ಪಿದ ಕೋರ್ಸುಗಳು ಯಾವುವು ಅಂತ ನೋಡುವುದು. ಹೆಚ್ಚಿನ ಕಡೆ ಈ ಆಫೀಸು ಆರೋಗ್ಯ ಇಲಾಖೆಯ ಕೆಳಗಿರುತ್ತದೆ. ವರ್ಜೀನಿಯಾದಲ್ಲೂ ಹಾಗೇ, ಈಗ ನಾವಿರುವ ಟೆಕ್ಸಸ್‌ನಲ್ಲೂ ಹಾಗೇ. ಕ್ಯಾಲಿಫೋರ್ನಿಯಾದ್ದು ಬೇರೆ ಲೆಕ್ಕ. ಅಲ್ಲಿ ನಿಯಮ ರಾಜ್ಯದ್ದು, ಆದರೆ ಇಎಂಟಿ ಸರ್ಟಿಫಿಕೇಟನ್ನು ಸಾಮಾನ್ಯವಾಗಿ ಕೊಡುವುದು ಕೌಂಟಿ ಮಟ್ಟದ ಸ್ಥಳೀಯ ಇಎಂಎಸ್ ಸಂಸ್ಥೆ.

ಅಗ್ನಿಶಾಮಕದ ಆಫೀಸು ಇನ್ನೂ ಮಜಾ. ಟೆಕ್ಸಸ್‌ನಲ್ಲಿ ಸ್ಟೇಟ್ ಫೈರ್ ಮಾರ್ಷಲ್, ಅಂದರೆ ರಾಜ್ಯದ ಅಗ್ನಿ ಸುರಕ್ಷತೆಯ ಅಧಿಕಾರಿ, ಇರುವುದು ಇನ್ಶೂರೆನ್ಸ್ ಇಲಾಖೆಯಲ್ಲಿ. ವಾಷಿಂಗ್ಟನ್ ರಾಜ್ಯದಲ್ಲಿ ಪೊಲೀಸರ ಜೊತೆ, ಸ್ಟೇಟ್ ಪ್ಯಾಟ್ರೋಲ್ ಒಳಗೆ. ಫ್ಲೋರಿಡಾದಲ್ಲಿ ರಾಜ್ಯದ ಹಣಕಾಸು ನೋಡಿಕೊಳ್ಳುವವರೇ ಫೈರ್ ಮಾರ್ಷಲ್ ಕೂಡ! ಒಂದೇ ಕೆಂಪು ಗಾಡಿಯಲ್ಲಿ ಬರುವ ಇಬ್ಬರ ಕಾಗದ ಎರಡು ಇಲಾಖೆಯಿಂದ ಬಂದಿರಬಹುದು. ಇದು ತಲೆಯಲ್ಲಿದ್ದರೆ ಫೋನ್ ಮಾಡಿದಾಗ "ಅದು ನಮ್ಮದಲ್ಲ ಮೇಡಂ" ಅನ್ನುವುದನ್ನು ಕಡಿಮೆ ಕೇಳಬೇಕಾಗುತ್ತದೆ.

ಇನ್ನು ಕಾಗದ ಪತ್ರ. ಇಲ್ಲಿ ನಮ್ಮವರಿಗೆ ಮಾತ್ರ ಬರುವ ಎರಡು ತಾಪತ್ರಯ ಹೇಳುತ್ತೇನೆ, ಬೇರೆ ಯಾರೂ ಹೇಳುವುದಿಲ್ಲ.

ಒಂದು, ಹೆಸರು. ನಮ್ಮಲ್ಲಿ ಇನಿಶಿಯಲ್ ಒಂದು ಕಡೆ, ಅಪ್ಪನ ಹೆಸರು ಒಂದು ಕಡೆ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಇಲ್ಲಿಯ ಲೈಸೆನ್ಸಿನಲ್ಲಿ ನನ್ನ ಹೆಸರೇ ಸರ್‌ನೇಮ್ ಆಗಿ, ಅದರ ಮುಂದೆ "ಎಫ್‌ಎನ್‌ಯು" ಅಂತ ಕೂತಿದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥವಂತೆ. ಪರೀಕ್ಷೆಯ ಖಾತೆ ತೆರೆಯುವಾಗ ನಾನು ಸುಮ್ನೆ ನನ್ನ ಹೆಸರು, ಅಪ್ಪನ ಹೆಸರು ಹಾಕಿದ್ದೆ. ಪರೀಕ್ಷೆಗೆ ಎರಡು ವಾರ ಇದ್ದಾಗ ಕಣ್ಣಿಗೆ ಬಿತ್ತು, ತಿದ್ದಿಸಿಕೊಂಡೆ. ಐಡಿಯಲ್ಲಿರುವ ಹೆಸರು ಹೊಂದದಿದ್ದರೆ ಒಳಗೇ ಬಿಡುವುದಿಲ್ಲ, ಕಟ್ಟಿದ ಫೀಸೂ ಹೋಗುತ್ತದೆ.

ಎರಡು, ಟಿಬಿ ಪರೀಕ್ಷೆ. ಆಸ್ಪತ್ರೆಯಲ್ಲಿ, ಆಂಬುಲೆನ್ಸಿನಲ್ಲಿ ಕಲಿಯುವ ಮೊದಲು ಇದನ್ನು ಕೇಳುತ್ತಾರೆ. ಚರ್ಮದೊಳಗೆ ಚುಚ್ಚಿ ಎರಡು ಮೂರು ದಿನ ಬಿಟ್ಟು ಊತ ಅಳೆಯುತ್ತಾರೆ. ಚಿಕ್ಕಂದಿನಲ್ಲಿ ಬಿಸಿಜಿ (ಟಿಬಿ ಲಸಿಕೆ) ಹಾಕಿಸಿಕೊಂಡವರಿಗೆ ಟಿಬಿ ಇಲ್ಲದಿದ್ದರೂ ಅದು ಊದಬಹುದು. ಇಡೀ ಕ್ಲಾಸಿನಲ್ಲಿ ನನ್ನದೊಂದೇ ಕೈ ಕೆಂಪಗೆ ಊದಿತ್ತು. ಎಡತೋಳಿನ ಹಳೇ ಮಚ್ಚೆ ತೋರಿಸಿದ ಮೇಲೆ ನರ್ಸಮ್ಮ ರಕ್ತ ಪರೀಕ್ಷೆಗೆ ಬರೆದುಕೊಟ್ಟರು, ಅದರಲ್ಲಿ ಏನೂ ಬರಲಿಲ್ಲ. ನೀವು ಮೊದಲೇ ಕೇಳಿ ರಕ್ತ ಪರೀಕ್ಷೆಯನ್ನೇ ಮಾಡಿಸಿ. ಬಿಸಿಜಿ ಅದನ್ನು ಕೆಡಿಸುವುದಿಲ್ಲ. ಹೆಪಟೈಟಿಸ್ ಬಿ ಲಸಿಕೆಯನ್ನೂ ಬೇಗ ಶುರು ಮಾಡಿ, ಮಾಮೂಲಿ ಮೂರು ಡೋಸ್ ಮುಗಿಯಲು ಆರು ತಿಂಗಳು ಬೇಕು.

ಕೋರ್ಸಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸುಮಾರು 150 ಗಂಟೆ ಅಥವಾ ಇನ್ನೂ ಹೆಚ್ಚು. ನಮ್ಮದು ಐದು ತಿಂಗಳು, ವಾರಕ್ಕೆ ಎರಡು ಸಂಜೆ, ನಡುನಡುವೆ ಶನಿವಾರ. ಸೇರುವ ಮೊದಲು ಹತ್ತಿರದ ಸ್ಕ್ವಾಡನ್ನು ವಿಚಾರಿಸಿ. ಕೆಲವರು ಸದಸ್ಯರ ಫೀಸು ತಾವೇ ಕಟ್ಟುತ್ತಾರೆ. ವರ್ಜೀನಿಯಾದಲ್ಲಿ ಈ ಸ್ಕ್ವಾಡುಗಳದು ಹಳೇ ಪದ್ಧತಿ. ರೋನೋಕ್ ಊರಿನಲ್ಲಿ 1928ರಲ್ಲೇ ಜೂಲಿಯನ್ ವೈಸ್ ಅನ್ನುವವರು ಒಂದನ್ನು ಕಟ್ಟಿದ್ದರು. ರಾಜ್ಯಗಳ ಆಫೀಸು, ಪರೀಕ್ಷೆ ಎಲ್ಲಾ ಬಂದಿದ್ದು ಅದಕ್ಕಿಂತ ಬಹಳ ಆಮೇಲೆ.

ಕೋರ್ಸಾದ ಮೇಲೆ ನನಗೆ ಎರಡು ಪರೀಕ್ಷೆ ಇತ್ತು, ಒಂದು ಕೈಯಲ್ಲಿ ಮಾಡಿ ತೋರಿಸುವುದು, ಇನ್ನೊಂದು ಕಂಪ್ಯೂಟರಿನಲ್ಲಿ. ಕೈಕೆಲಸದ ಪರೀಕ್ಷೆಗೆ ಮಾತ್ರ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನಾನು ಬಿದ್ದಿದ್ದು ಅಲ್ಲೇ. ಕೋಣೆಯೊಳಗೆ ಒಬ್ಬ ಹುಡುಗ ನೆಲದ ಮೇಲೆ ಮಲಗಿದ್ದಾನೆ, ಏಣಿಯಿಂದ ಬಿದ್ದ ಅಂತ ಲೆಕ್ಕ. ಮೂಲೆಯಲ್ಲಿ ಪರೀಕ್ಷಕರು ಹಾಳೆ ಹಿಡಿದು ಕೂತಿದ್ದಾರೆ. ನಾನು ಗ್ಲೌಸ್ ಹಾಕಿಕೊಂಡು, ಸುತ್ತ ಕಣ್ಣಾಡಿಸಿ, ಸೀದಾ ಹೋಗಿ ಅವನ ತಲೆ ಹಿಡಿದೆ. ಉಸಿರು, ನಾಡಿ, ರಕ್ತ, ಎಲ್ಲಾ ಸರಿಯಾಗಿಯೇ ನೋಡಿದೆ. ಆದರೂ ಫೇಲ್. ಪೇಷೆಂಟಿನ ಹತ್ತಿರ ಹೋಗುವ ಮೊದಲು ಜಾಗ ಸುರಕ್ಷಿತವಾಗಿದೆಯಾ ಅಂತ ನಾನು ಬಾಯಿಬಿಟ್ಟು ಕೇಳಿರಲಿಲ್ಲ. ಕಣ್ಣಲ್ಲಿ ನೋಡಿದ್ದು ಪರೀಕ್ಷಕರಿಗೆ ಹೇಗೆ ಗೊತ್ತಾಗಬೇಕು? ಆ ಒಂದು ಗೆರೆ ತಪ್ಪಿದರೆ ಉಳಿದಿದ್ದೆಲ್ಲಾ ಸರಿಯಿದ್ದರೂ ಪಾಸಿಲ್ಲ. ಆಮೇಲೆ ಮನೆಯಲ್ಲಿ ಅಭ್ಯಾಸ ಮಾಡಿದೆ. ನಮ್ಮನೆಯವರು ಸೋಫಾದ ಪಕ್ಕ ಬಿದ್ದುಕೊಳ್ಳುವುದು, ನಾನು ಬಾಗಿಲಲ್ಲೇ ನಿಂತು "ಜಾಗ ಸೇಫಾ? ಎಷ್ಟು ಜನ ಪೇಷೆಂಟ್? ಇನ್ನೊಂದು ಗಾಡಿ ಬೇಕಾ?" ಅಂತ ಕೂಗುವುದು. ಮಗಳಂತೂ ಈಗಲೂ ಅಡುಗೆಮನೆಗೆ ಬರುವ ಮೊದಲು "ಜಾಗ ಸೇಫಾ ಅಮ್ಮಾ?" ಅನ್ನುತ್ತಾಳೆ.

ಕಂಪ್ಯೂಟರ್ ಪರೀಕ್ಷೆ ನಡೆಸುವುದು ನ್ಯಾಷನಲ್ ರಿಜಿಸ್ಟ್ರಿ. ಒಹಾಯೊದ ಕೊಲಂಬಸ್‌ನಲ್ಲಿದೆ, 1970ರಲ್ಲಿ ಶುರುವಾಯಿತು. ಹೆಸರಿನಲ್ಲಿ ನ್ಯಾಷನಲ್ ಅಂತಿದ್ದರೂ ಅದು ಸರ್ಕಾರಿ ಇಲಾಖೆ ಅಲ್ಲ. ಫೀಸು ನೂರು ಡಾಲರ್ ಆಸುಪಾಸು. ಪ್ರಶ್ನೆ 70ರಿಂದ 120ರವರೆಗೆ ಎಷ್ಟಾದರೂ ಬರಬಹುದು, ಸಮಯ ಎರಡು ಗಂಟೆ. ನೀವು ಸರಿ ಹೇಳಿದಂತೆ ಪ್ರಶ್ನೆ ಕಷ್ಟ ಆಗುತ್ತಾ ಹೋಗುತ್ತದೆ. ಪಾಸೋ ಫೇಲೋ ಅಂತ ಕಂಪ್ಯೂಟರಿಗೆ ಖಾತ್ರಿಯಾದ ಕೂಡಲೇ ಪರದೆ ತಟ್ಟಂತ ಮುಚ್ಚುತ್ತದೆ. ನನಗೆ 70ರ ಚಿಲ್ಲರೆಯಲ್ಲೇ ಮುಚ್ಚಿತು. ಕಾರಿನಲ್ಲಿ ಕೂತು ಅತ್ತೆ. ಮರುದಿನ ನೋಡಿದರೆ ಪಾಸು. ಬೇಗ ಮುಚ್ಚಿತು ಅಂತ ಹೆದರಬೇಡಿ, ಅದರಿಂದ ಏನೂ ಗೊತ್ತಾಗುವುದಿಲ್ಲ. ಫೇಲಾದರೆ 15 ದಿನ ಕಾದು ಮತ್ತೆ ಬರೆಯಬಹುದು.

ಈಗ ಬಹಳ ಜನ ಎಡವುವ ಜಾಗ. ರಿಜಿಸ್ಟ್ರಿ ಪಾಸಾಯಿತು ಅಂತ ಆಂಬುಲೆನ್ಸ್ ಹತ್ತುವ ಹಾಗಿಲ್ಲ. ಅದು ನಿಮಗೆ ಕೆಲಸ ಬರುತ್ತದೆ ಅನ್ನುವ ಪತ್ರ. ಕೆಲಸ ಮಾಡು ಅನ್ನುವ ಪತ್ರ ರಾಜ್ಯದ್ದು. ಅದು ಬಂದ ಮೇಲೂ ನಿಮ್ಮ ಸ್ಕ್ವಾಡಿನ ಮೆಡಿಕಲ್ ಡೈರೆಕ್ಟರ್ ಒಪ್ಪಬೇಕು. ಅವರೊಬ್ಬರು ಡಾಕ್ಟರ್, ಅವರ ಹೊಣೆಯ ಮೇಲೇ ನಾವು ಪೇಷೆಂಟನ್ನು ಮುಟ್ಟುವುದು. ಟೆಕ್ಸಸ್‌ನಲ್ಲಂತೂ ಇಎಂಟಿ ಏನು ಮಾಡಬಹುದು, ಏನು ಮಾಡಬಾರದು ಅಂತ ತೀರ್ಮಾನಿಸುವುದು ಆ ಡಾಕ್ಟರೇ. ಹಾಗಾಗಿ ಎರಡು ಪಕ್ಕದೂರಿನ ಇಎಂಟಿಗಳ ಕೈಗೆ ಬೇರೆ ಬೇರೆ ಔಷಧಿ ಸಿಗಬಹುದು.

ಟೆಕ್ಸಸ್‌ಗೆ ಬಂದಾಗ ನಾನು ಇದನ್ನೆಲ್ಲಾ ಎರಡನೇ ಸಲ ಮಾಡಿದೆ. ರಿಜಿಸ್ಟ್ರಿ ಚಾಲ್ತಿಯಲ್ಲಿದ್ದ ಕಾರಣ ಕೋರ್ಸ್ ಮತ್ತೆ ಮಾಡಬೇಕಾಗಲಿಲ್ಲ. ಅದಕ್ಕೇ ಹೇಳುವುದು, ನಿಮ್ಮ ರಾಜ್ಯ ಕೇಳದಿದ್ದರೂ ಅದನ್ನು ಸಾಯಲು ಬಿಡಬೇಡಿ. ಅರ್ಜಿ, ರಾಜ್ಯದ ಕಾನೂನಿನ ಮೇಲೊಂದು ಚಿಕ್ಕ ಪರೀಕ್ಷೆ, ಬೆರಳಚ್ಚು. ನನ್ನ ಬೆರಳಿನ ಗೆರೆ ಸವೆದು ಯಂತ್ರಕ್ಕೆ ಸಿಗಲೇ ಇಲ್ಲ. ಅಲ್ಲಿನ ಹುಡುಗಿ ಲೋಶನ್ ಹಚ್ಚಿ, ಒರೆಸಿ, ನಾಲ್ಕನೇ ಸಲಕ್ಕೆ ತೆಗೆದಳು. ಟೆಕ್ಸಸ್ಸೂ ವರ್ಜೀನಿಯಾವೂ ಇಎಂಎಸ್ ಕಾಂಪ್ಯಾಕ್ಟ್ ಒಪ್ಪಂದದಲ್ಲಿವೆ, ಮತ್ತೆ ಯಾಕೆ ಅರ್ಜಿ ಅಂತ ನಾನೂ ವಾದಿಸಿದ್ದೆ. ಆ ಒಪ್ಪಂದ ಡ್ಯೂಟಿಯ ಮೇಲೆ ಗಡಿ ದಾಟುವವರಿಗೆ. ಮನೆ ಬದಲಾಯಿಸಿ ಹೊಸ ರಾಜ್ಯದ ಸ್ಕ್ವಾಡ್ ಸೇರುವವರಿಗೆ ಹೊಸ ರಾಜ್ಯದ ಕಾಗದವೇ ಬೇಕು.

ಬೆಂಕಿ ಆರಿಸುವ ಕಡೆಗೂ ಮನಸ್ಸಿದ್ದರೆ ಅದಕ್ಕೆ ಬೇರೆಯೇ ದಾರಿ. ಟೆಕ್ಸಸ್‌ನಲ್ಲಿ ಸಂಬಳದ ಅಗ್ನಿಶಾಮಕರಿಗೆ ಕಮಿಷನ್ ಆನ್ ಫೈರ್ ಪ್ರೊಟೆಕ್ಷನ್ನಿನ ಸರ್ಟಿಫಿಕೇಟ್ ಕಡ್ಡಾಯ, ವಾಲಂಟಿಯರ್‌ಗಳಿಗೆ ಅಷ್ಟು ಬಿಗಿಯಿಲ್ಲ. ಆಮೇಲೆ ರಾಜ್ಯ ಬದಲಾಯಿಸುವ ಅಂದಾಜಿದ್ದರೆ ಸರ್ಟಿಫಿಕೇಟಿನ ಮೇಲೆ ಪ್ರೋ ಬೋರ್ಡ್ ಅಥವಾ ಇಫ್‌ಸ್ಯಾಕ್ (ಅಗ್ನಿಶಾಮಕ ಸರ್ಟಿಫಿಕೇಟುಗಳಿಗೆ ಮಾನ್ಯತೆ ಕೊಡುವ ಸಂಸ್ಥೆಗಳು) ಮುದ್ರೆ ಇದೆಯಾ ನೋಡಿಕೊಳ್ಳಿ, ಬೇರೆ ಕಡೆ ಒಪ್ಪಿಸುವುದು ಸುಲಭ. ನಾನು ಆ ಕಡೆ ಹೋಗಿಲ್ಲ. ಆ ಕೋಟು, ಬೆನ್ನಿನ ಸಿಲಿಂಡರು ಹೊತ್ತು ಮೆಟ್ಟಿಲು ಹತ್ತಿ ನೋಡಿದೆ ಒಂದು ಸಲ. ಸಾಕು.

ಕೊನೆಗೆ ರಿನ್ಯೂವಲ್. ರಿಜಿಸ್ಟ್ರಿಗೆ ಎರಡು ವರ್ಷಕ್ಕೊಮ್ಮೆ, ಮಾರ್ಚ್ 31ಕ್ಕೆ ಗಡುವು. ಇಎಂಟಿಗೆ 40 ಗಂಟೆ ಕಲಿಕೆ ತೋರಿಸಬೇಕು. ಟೆಕ್ಸಸ್‌ನ ಕಾಗದ ನಾಲ್ಕು ವರ್ಷದ್ದು, ಸಿಪಿಆರ್ (ಹೃದಯ ನಿಂತಾಗ ಎದೆ ಒತ್ತುವ ಚಿಕಿತ್ಸೆ) ಕಾರ್ಡು ಎರಡು ವರ್ಷದ್ದು. ಮೂರೂ ಬೇರೆ ಬೇರೆ ತಿಂಗಳಲ್ಲಿ ಮುಗಿಯುತ್ತವೆ. ನಾನು ಮೂರೂ ತಾರೀಕನ್ನು ಫ್ರಿಜ್ಜಿನ ಬಾಗಿಲಿಗೆ, ಹಾಲಿನ ಲೆಕ್ಕದ ಪಕ್ಕ ಅಂಟಿಸಿದ್ದೇನೆ. ಕ್ಲಾಸಿನ ಸರ್ಟಿಫಿಕೇಟ್ ಸಿಕ್ಕಿದ ದಿನವೇ ಫೋಟೋ ತೆಗೆದು ರಿಜಿಸ್ಟ್ರಿಯ ಖಾತೆಗೆ ಏರಿಸಿಬಿಡಿ. ಮಾರ್ಚ್ 29ರ ರಾತ್ರಿ ಹಳೇ ಇಮೇಲ್ ಕೆದಕುತ್ತಾ ಕೂತಿದ್ದೆ ಒಂದು ವರ್ಷ.