ಕಚೇರಿಯಲ್ಲಿ ನಗುವಿಗೆ ಜಾಗ ಮಾಡುವುದು ಹೇಗೆ

ದಾವಣಗೆರೆಯ ಕಚೇರಿಯಲ್ಲಿ ಸಂಜೆ ಮಂಡಕ್ಕಿ, ಮಿರ್ಚಿಯ ಪೊಟ್ಟಣ ಬಿಚ್ಚಿದಾಗ ಮೇಜಿನ ಸುತ್ತ ತಾನಾಗಿಯೇ ನಗು ಹುಟ್ಟುತ್ತದೆ. ಕೆಲಸದ ನಡುವೆ ಹಾಸ್ಯವನ್ನು ತರಬಯಸುವವರು ಪ್ರತ್ಯೇಕ ಕಾರ್ಯಕ್ರಮ ಏರ್ಪಡಿಸುವ ಬದಲು ಆ 15 ನಿಮಿಷಗಳಿಂದಲೇ ಆರಂಭಿಸಬೇಕು. ಮನುಷ್ಯರು ಒಂಟಿಯಾಗಿರುವಾಗಿನದಕ್ಕಿಂತ ಜೊತೆಯಲ್ಲಿರುವಾಗ ಸುಮಾರು 30 ಪಟ್ಟು ಹೆಚ್ಚು ನಗುತ್ತಾರೆಂದೂ, ಆ ನಗುವಿನ ಬಹುಪಾಲು ಜೋಕುಗಳಿಂದಲ್ಲದೆ ಸಾಮಾನ್ಯ ಮಾತುಕತೆಯಿಂದಲೇ ಬರುತ್ತದೆಂದೂ ಮನೋವಿಜ್ಞಾನಿ ರಾಬರ್ಟ್ ಪ್ರೊವೈನ್ ತೋರಿಸಿದ್ದಾರೆ. ಆದ್ದರಿಂದ ಜೋಕು ಹೇಳಲು ಬಾರದವರು ಅಂಜಬೇಕಾಗಿಲ್ಲ.

ಸೋಮವಾರದ ಸಭೆಯನ್ನು ಒಂದು ಒಗಟಿನಿಂದ ಆರಂಭಿಸಿ; ಒಗಟು ಹಾಕುವ ಸರದಿ ವಾರಕ್ಕೊಬ್ಬರಂತೆ ಬರಲಿ, ವ್ಯವಸ್ಥಾಪಕರಿಗಷ್ಟೇ ಅಲ್ಲ, ಕಚೇರಿ ಸಹಾಯಕರಿಗೂ ಸಿಗಲಿ. ಅಜ್ಜಿಯ ಬಾಯಿಂದ ಒಗಟು ಕಲಿತವರ ಮುಂದೆ ಎಂತಹ ಪದವೀಧರರೂ ಸೋಲುತ್ತಾರೆ, ಮತ್ತು ಆ ಸೋಲು ಹುದ್ದೆಗಳ ನಡುವಿನ ಬಿಗುವನ್ನು ಬಹಳವಾಗಿ ಸಡಿಲಿಸುತ್ತದೆ. ಊಟದ ಬಿಡುವಿಗೆ ಒಂದು ಚೌಕಾಬಾರದ ಮಣೆ ಇದ್ದರೆ ಸಾಕು. ಆಡಲು ಒಲ್ಲದವರನ್ನು ಒತ್ತಾಯಿಸಬಾರದು.

ಹೆಚ್ಚಿನ ಎಚ್ಚರ ಬೇಕಾದದ್ದು ನಗೆಯ ಗುರಿಯ ವಿಷಯದಲ್ಲಿ. ಜಾತಿ, ಮೈಬಣ್ಣ, ಮಾತಿನ ಧಾಟಿ, ಸಂಬಳ ಇವುಗಳನ್ನು ಹಾಸ್ಯಕ್ಕೆ ಎಳೆಯಬಾರದು. ಮಹಿಳಾ ಸಹೋದ್ಯೋಗಿಗೆ ಇಷ್ಟವಿಲ್ಲದ ಲೈಂಗಿಕ ಅರ್ಥದ ಮಾತನ್ನಂತೂ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯೇ ಕಿರುಕುಳವೆಂದು ಪರಿಗಣಿಸುತ್ತದೆ. ಯಾರದಾದರೂ ಮುಖ ಸಪ್ಪಗಾದರೆ, "ತಮಾಷೆಗೆ ಹೇಳಿದೆ" ಎಂದು ಸಮರ್ಥಿಸಿಕೊಳ್ಳದೆ ಕೂಡಲೇ ಕ್ಷಮೆ ಕೇಳಿ, ಆ ವಿಷಯವನ್ನು ಮತ್ತೆ ಎತ್ತಬೇಡಿ.