ಕುಂಡದಲ್ಲಿ ಶೇಂಗಾ ಹಾಕೋರಿಗೆ ಒಂದು ಮಾತು

ಹೋದ ಜುಲೈನಲ್ಲಿ ಡೊಂಬಿವಲಿಯ ನಮ್ಮ ಗ್ಯಾಲರಿಯಲ್ಲಿ ಹತ್ತು ಶೇಂಗಾ ಬೀಜ ಊರಿದ್ದೆ. ಎದ್ದದ್ದು ಎರಡೇ. ಉಳಿದವನ್ನು ಕೆದಕಿ ನೋಡಿದರೆ ಮೆತ್ತಗಾಗಿ, ಒತ್ತಿದ ಕೂಡಲೇ ಲೋಳೆ. ಬೀಜದ್ದೇನೂ ತಪ್ಪಿಲ್ಲ, ನನ್ನದೇ. ಮಳೆಯ ಎರಚಲು ಬೀಳೋ ಮೂಲೆಯಲ್ಲಿ ಕುಂಡ ಇಟ್ಟು, ಅದರ ಮೇಲೆ ದಿನಾ ಒಂದು ತಂಬಿಗೆ ನೀರು ಬೇರೆ!

ಅಕ್ಕಿ, ಗೋಧಿ ಮೊಳಕೆಗೆ ಪಿಷ್ಟ ಇಟ್ಟುಕೊಂಡ ಹಾಗೆ ಶೇಂಗಾ ಎಣ್ಣೆ ಕಟ್ಟಿಕೊಂಡಿರುತ್ತದೆ, ತೂಕದಲ್ಲಿ ಸುಮಾರು ಅರ್ಧದಷ್ಟು. ನೀರು ಕುಡಿದ ಬೀಜದಲ್ಲಿ ಲೈಪೇಸ್ ಅನ್ನೋ ಕಿಣ್ವ ಆ ಎಣ್ಣೆಯನ್ನು ಒಡೆಯುತ್ತದೆ. ಮುಂದೆ ಅದರಲ್ಲಿ ಬಹುಪಾಲು ಸಕ್ಕರೆಯಾಗಿ ಬೇರಿಗೂ ಚಿಗುರಿಗೂ ಹೋಗುತ್ತದೆ. ಎಣ್ಣೆ ಕರಗಿಸಲು ಪಿಷ್ಟಕ್ಕಿಂತ ಹೆಚ್ಚು ಆಮ್ಲಜನಕ ಬೇಕು. ಮಣ್ಣಿನ ಸಂದಿಯಲ್ಲೆಲ್ಲ ನೀರೇ ನಿಂತರೆ ಬುತ್ತಿ ಇದ್ದೂ ಉಪವಾಸ.

ಅದಕ್ಕೇ ಮಣ್ಣಿಗೆ ಮರಳು ಬೆರೆಸಿ, ಕುಂಡದ ತೂತು ತೆರೆದಿದೆಯಾ ನೋಡಿ. ಶೇಂಗಾ ಮೂರು-ನಾಲ್ಕು ಸೆಂಟಿಮೀಟರ್ ಆಳ ಸಾಕು. ಸಾಸಿವೆಗೆ ಒಂದೇ ಸೆಂಟಿಮೀಟರ್, ಅಷ್ಟು ಸಣ್ಣ ಬೀಜದ ಬುತ್ತಿ ಎಷ್ಟು ದೂರ ಬಂದೀತು? ಸಿಪ್ಪೆಯನ್ನು ಬಿತ್ತುವ ದಿನವೇ ಸುಲಿಯಿರಿ, ಒಳಗಿನ ಕೆಂಪು ಪೊರೆ ಹರಿಯಬಾರದು. ಕಮಟು ವಾಸನೆ ಬರೋ ಹಳೇ ಬೀಜ ಬೇಡವೇ ಬೇಡ, ಅದರ ಎಣ್ಣೆ ಆಗಲೇ ಕೆಟ್ಟಿರುತ್ತದೆ.

ಮೊಳೆತ ಮೇಲೆ ಬುಡದಲ್ಲಿ ಕಾಣುವ ಎರಡು ದಪ್ಪ ಬೇಳೆಗಳನ್ನು ಚಿವುಟಬೇಡಿ. ನಮ್ಮನೆಯಲ್ಲಿ ಕಸ ಅಂತ ಒಂದನ್ನು ಕಿತ್ತರು, ಆ ಗಿಡ ವಾರಗಟ್ಟಲೆ ಪೇಲವವಾಗಿಯೇ ಇತ್ತು. ಬೇಳೆ ತಾನಾಗಿ ಸುಕ್ಕಾಗೋವರೆಗೆ ಗೊಬ್ಬರಕ್ಕೂ ಅವಸರವಿಲ್ಲ.