ನಾಲ್ಕು ಎಪಿ ಮೂರಾದ ಮೇಲೆ ಚೀಟಿ ಬಂತು

ಮುಂಬಯಿಯ ಮಾಟುಂಗದ ಹಳೇ ಉಡುಪಿ ಹೋಟೆಲೊಂದರಿಂದ ಫೋನ್ ಬಂದದ್ದು ಕಳೆದ ಮಳೆಗಾಲದಲ್ಲಿ. ಸಪ್ಲೈಯರುಗಳು ಟ್ಯಾಬಿನಲ್ಲಿ ಆರ್ಡರ್ ಒತ್ತಿದರೆ ಅಡುಗೆಮನೆಯ ಪ್ರಿಂಟರಿನಲ್ಲಿ ಚೀಟಿ ಬರಬೇಕು. ಹಿಂದಿನ ಸಾಲಿನ ಟೇಬಲುಗಳಲ್ಲಿ ಒತ್ತಿದರೆ ಚಕ್ರ ಸುತ್ತುತ್ತಲೇ ಇರುತ್ತಿತ್ತು. "ಇನ್ನೆರಡು ಹಾಕಿಬಿಡಿ ಮಾರಾಯ್ರೆ, ದುಡ್ಡಿನ ಮುಖ ನೋಡಬೇಡಿ" ಎಂದರು ಧಣಿಗಳು. ವೈಫೈ ಹರಡುವ ಡಬ್ಬಿಗಳು, ಅಂದರೆ ಆಕ್ಸೆಸ್ ಪಾಯಿಂಟ್ (ಎಪಿ), ಆಗಲೇ ನಾಲ್ಕು ಇದ್ದವು.

ನಾನು ಮೊದಲು ಫೋನ್ ಹಿಡಿದು ನಡೆಯುತ್ತೇನೆ, ಅದೂ ಊಟದ ರಶ್ಶಿನಲ್ಲಿ. ಮನುಷ್ಯರ ಮೈ ತರಂಗವನ್ನು ಹೀರುತ್ತದೆ. ಖಾಲಿ ಹಾಲಿನಲ್ಲಿ ಅಳೆದದ್ದು ಮಧ್ಯಾಹ್ನ ಒಂದು ಗಂಟೆಗೆ ಸುಳ್ಳಾಗುತ್ತದೆ. ಸಿಗ್ನಲಿನ ಬಲವನ್ನು ಡಿಬಿಎಂನಲ್ಲಿ ಅಳೆಯುತ್ತಾರೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು. ಎಲ್ಲಿ ನಿಂತರೂ ಮೈನಸ್ 67 ಡಿಬಿಎಂಗಿಂತ ಕೆಳಗೆ ಹೋಗಬಾರದು ಎಂಬುದು ನನ್ನ ಲೆಕ್ಕ. ಹಿಂದಿನ ಸಾಲಿನಲ್ಲಿ ಮೈನಸ್ 58 ಇತ್ತು! ಸಿಗ್ನಲಿಗೆ ಬರವಿರಲಿಲ್ಲ, ಇದ್ದದ್ದು ಗದ್ದಲ. ವೈಫೈ ಓಡುವ 2.4 ಗಿಗಾಹರ್ಟ್ಸಿನ ಪಟ್ಟಿಯನ್ನು ಚಾನೆಲುಗಳೆಂಬ ನಂಬರಿನ ಓಣಿಗಳಾಗಿ ಹಂಚಿರುತ್ತಾರೆ. ಅದರಲ್ಲಿ ಮೂರು ಎಪಿ 6ನೇ ಚಾನೆಲಿನಲ್ಲಿ, ಒಂದು 8ರಲ್ಲಿ, ಎಲ್ಲವೂ ಫುಲ್ ಪವರಿನಲ್ಲಿ. ಒಂದೇ ಚಾನೆಲಿನವು ಸರದಿ ಕಾದಾದರೂ ಮಾತಾಡುತ್ತವೆ. 8ರಲ್ಲಿದ್ದದ್ದು 6ರ ಮೇಲೆ ಅರ್ಧಂಬರ್ಧ ಬಿದ್ದು ಬರೀ ಸದ್ದಾಗುತ್ತದೆ. ಒಂದರ ಮೇಲೊಂದು ಬೀಳದಂತೆ ಸಾಮಾನ್ಯವಾಗಿ ಬಳಸುವುದು 1, 6, 11.

ಒಂದು ಎಪಿಯಂತೂ ಫ್ರಿಜ್ಜಿನ ಪಕ್ಕದ ಸ್ಟೀಲ್ ಕಪಾಟಿನ ಮೇಲಿತ್ತು, ಮೈತುಂಬ ಎಣ್ಣೆ ಜಿಡ್ಡು. ಯಾಕೆ ಅಲ್ಲಿ? ಕೇಬಲ್ ಅಲ್ಲಿಗೆ ಮುಗಿದಿತ್ತು. ಈ ಊರಿನಲ್ಲಿ ನಾನು ಕಾಣುವ ತಪ್ಪುಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಎ.ಸಿ. ಹಾಲಿನದು ಸೀಲಿಂಗಿಗೆಂದೇ ಮಾಡಿದ್ದು. ಅದನ್ನು ಗೋಡೆಗೆ ಜಡಿದು ಅರ್ಧ ಸಿಗ್ನಲನ್ನು ಮೇಲಿನ ಮಹಡಿಯ ಸಂಸಾರಗಳಿಗೆ ದಾನ ಮಾಡಿದ್ದರು.

ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಏಣಿಯ ತುದಿಗೆ ಒಂದು ಎಪಿ ಕಟ್ಟಿ, ಉದ್ದ ಕೇಬಲ್ ಎಳೆದು, ಏಣಿಯನ್ನೇ ಅಲ್ಲಿಂದಿಲ್ಲಿಗೆ ಸರಿಸುತ್ತಾ ಅಳೆದೆವು. ಜನರ ಮೈ ಹೀರುವುದಕ್ಕೆಂದು ಏಳೆಂಟು ಡಿಬಿ ಬಲ ಹೆಚ್ಚಿಗೆ ಕೈಯಲ್ಲಿಟ್ಟುಕೊಂಡೆ. ಒಂದೂವರೆ ಅಡಿ ದಪ್ಪದ ಇಟ್ಟಿಗೆ ಗೋಡೆ ಎ.ಸಿ. ಹಾಲನ್ನು ಬೇರೆಯೇ ಮಾಡಿತ್ತು, ಅಲ್ಲಿಗೆ ಒಂದು ಬೇಕೇಬೇಕು. ದೊಡ್ಡ ಹಾಲಿನ ನಡುಮಧ್ಯ ಸೀಲಿಂಗಿಗೆ ಒಂದು. ಅಡುಗೆಮನೆಯ ಬಾಗಿಲಿಗೆ, ಸಪ್ಲೈಯರುಗಳು ನಿಲ್ಲುವಲ್ಲಿ, ಇನ್ನೊಂದು. ನಾಲ್ಕನೆಯದನ್ನು ಬಿಚ್ಚಿದೆ. ಪ್ರಿಂಟರ್ ಕೂತಲ್ಲೇ ಕೂರುವ ವಸ್ತು, ಅದಕ್ಕೆ ವೈಫೈ ಯಾಕೆ? ಕೇಬಲ್ ಕೊಟ್ಟೆ. ಟ್ಯಾಬುಗಳೆಲ್ಲ ವೈಫೈಯ ಇನ್ನೊಂದು ಪಟ್ಟಿಗೆ, 5 ಗಿಗಾಹರ್ಟ್ಸಿಗೆ: ಚಾನೆಲ್ 36, 44, 149, ಒಂದೊಂದರ ಅಗಲ 20 ಮೆಗಾಹರ್ಟ್ಸ್ ಸಾಕು.

ಎಪಿಗಳ ಪವರ್ ಇಳಿಸಿದಾಗ ಧಣಿಗಳ ಮುಖ ಸಣ್ಣದಾಯಿತು. "ಎಪಿ ಕೂಗಿದ್ದು ಟ್ಯಾಬಿಗೆ ಕೇಳುತ್ತದೆ, ಟ್ಯಾಬಿನ ಸಣ್ಣ ದನಿ ಎಪಿಗೆ ಕೇಳಬೇಕಲ್ಲ?" ಎಂದೆ. ಜೋರಿನ ಎಪಿಯನ್ನು ಟ್ಯಾಬು ದೂರ ಹೋದರೂ ಬಿಡುವುದಿಲ್ಲ, ಹತ್ತಿರದ್ದಕ್ಕೆ ದಾಟುವುದಿಲ್ಲ. ಮರುದಿನ ಒಂದು ಗಂಟೆಗೆ ಹಿಂದಿನ ಟೇಬಲಿನಲ್ಲಿ ನಾನೇ ಕೂತು ಊಟ ಹೇಳಿದೆ. ಸಪ್ಲೈಯರ್ ತಿರುಗುವಷ್ಟರಲ್ಲಿ ಒಳಗೆ ಚೀಟಿ ಬಂದಿತ್ತು.

ಚೌತಿ ಹೊತ್ತಿಗೆ ಮತ್ತೆ ಹೋಗಿ ಅಳೆದೆ. ಪಕ್ಕದ ಕಟ್ಟಡದ ಹೊಸ ರೌಟರ್ 36ರಿಂದ 48ರವರೆಗೆ ಇಡೀ ಜಾಗ ಹಿಡಿದಿತ್ತು. ನಮ್ಮ 36 ಮತ್ತು 44ನ್ನು 157 ಮತ್ತು 161ಕ್ಕೆ ಎತ್ತಿ ಬಂದೆ.